ಸೊರಬದ ಅಂಗಡಿಗೆ ನಾನು ಹಾಕಿದ ಗಾಜು

ಗಾಜು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಶಿಕಾರಿಪುರ ತಾಲ್ಲೂಕಿನಲ್ಲೇ ಇಲ್ಲ ಎಂದು ಒಂದು ಕಾಲದಲ್ಲಿ ನಂಬಿದ್ದೆ. ಅದು ಸುಳ್ಳೂ ಅಲ್ಲ. ತಾಲ್ಲೂಕಿನಲ್ಲಿ ಆ ಕೆಲಸ ಮಾಡುತ್ತಿದ್ದವನು ನಾನೊಬ್ಬನೇ! ನಿಜವಾದ ಗಾಜಲ್ಲ, ಕಂಪ್ಯೂಟರಿನೊಳಗಿನ ಗಾಜು. ಮನೆ, ಅಂಗಡಿಗಳ ಪ್ಲ್ಯಾನ್ ಬರೆದುಕೊಡುವುದು ನನ್ನ ಕಸುಬು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಕಂಪ್ಯೂಟರ್ ತಂದು, ಕಟ್ಟಡ ಏಳುವ ಮೊದಲೇ ಅದರ ಫೋಟೋದಂಥ ಚಿತ್ರ ಮಾಡಿ ತೋರಿಸುವ ವಿದ್ಯೆಯನ್ನು ಪುಸ್ತಕ ಇಟ್ಟುಕೊಂಡು ಕಲಿತಿದ್ದೆ.

ಆಗ ಬಂದವರು ಸೊರಬದ ಜವಳಿ ವ್ಯಾಪಾರಿ ಚಂದ್ರಣ್ಣ. ತಂದೆ ಕಟ್ಟಿಸಿದ ಹೆಂಚಿನ ಅಂಗಡಿ ಒಡೆದು, ಮುಂಭಾಗಕ್ಕೆಲ್ಲ ಗಾಜು ಹಾಕಿದ ಹೊಸ ಅಂಗಡಿ ಕಟ್ಟಬೇಕೆಂಬುದು ಅವರ ಆಸೆ.

"ಆದ್ರೆ ನಮ್ಮವ್ವ ಹೂಂ ಅನ್ನೋತನಕ ಒಂದು ಹೆಂಚೂ ಇಳಿಸೋ ಹಂಗಿಲ್ಲ ಸಾರ್. ಅಪ್ಪನ ಅಂಗಡಿ ಒಡೆಯೋದು ಬ್ಯಾಡ ಅಂತಾನೆ ಅಣ್ಣ. ಇದೇ ವಿಷಯಕ್ಕೆ ಅವಂಗೂ ನಂಗೂ ಮಾತು ಬಿಟ್ಟು ಎರಡು ವರ್ಷ ಆತು. ಬದುಕಿರೋತನಕ ಈ ಅಂಗಡಿ ಒಳಗೆ ಕಾಲಿಡಲ್ಲ ಅಂದುಬಿಟ್ಟಾನೆ. ಅವ್ವ ಕಣ್ಣಾರೆ ನೋಡಿ ಒಪ್ಪಬೇಕು, ಅಂಥ ಚಿತ್ರ ಮಾಡ್ಕೊಡ್ರಿ."

ಆ ಅಣ್ಣ ರುದ್ರಣ್ಣನನ್ನು ನಾನು ನೋಡಿರಲಿಲ್ಲ. ನೋಡುವ ಅಗತ್ಯವೂ ಕಾಣಲಿಲ್ಲ. ನನ್ನ ತಲೆಯಲ್ಲಿ ಗಾಜೊಂದೇ ಇತ್ತು.

ಮೊದಲ ಚಿತ್ರ ಸಿದ್ಧವಾಯಿತು. ಹೆಂಡತಿ ಗಿರಿಜಾಳನ್ನು ಕರೆದು ತೋರಿಸಿದೆ.

"ರೀ, ಗಾಜೆಲ್ಲಿ?"

"ಇದೆಯಲ್ಲೇ! ಗಾಜು ಅಂದ್ರೆ ಹಾಗೇ, ಒಳಗಿನ ಸಾಮಾನು ಕಾಣಬೇಕು."

"ಹಾಕದೇ ಇದ್ರೂ ಹಿಂಗೇ ಕಾಣ್ತಿತ್ತಲ್ರೀ!"

ಸಿಟ್ಟು ಬಂತು. ಒಂದಿಷ್ಟು ನೀಲಿ ಬೆರೆಸಿದೆ. ಗಿರಿಜಾ ಬಂದು, "ಈ ನೀರಿನ ಟ್ಯಾಂಕ್ ಯಾರಿಗೆ ಕಟ್ತಿದೀರಿ?" ಎಂದಳು. ಪುಸ್ತಕ ತಿರುವಿ ನೋಡಿದೆ. ಗಾಜು ನಿಜವೆನಿಸಬೇಕಾದರೆ ಎದುರಿಗಿರುವುದು ಅದರಲ್ಲಿ ಮಸುಕಾಗಿ ಪ್ರತಿಫಲಿಸಬೇಕಂತೆ. ಪ್ರತಿಫಲನಕ್ಕೆಂದು ಕಂಪ್ಯೂಟರಿನಲ್ಲೇ ಇದ್ದ ಯಾವುದೋ ಚಿತ್ರ ಹಾಕಿದೆ. ಸೊರಬದ ಜವಳಿ ಅಂಗಡಿಯ ಗಾಜಿನಲ್ಲಿ ಹಿಮದ ಬೆಟ್ಟಗಳು ಮೂಡಿದವು! ಒಂದೊಂದು ಚಿತ್ರಕ್ಕೂ ಆ ಕಂಪ್ಯೂಟರ್ ಬೆಳಗಿನಿಂದ ಸಂಜೆಯವರೆಗೆ ಮುಲುಗುತ್ತಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಗುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ ಶುರು.

ಕೊನೆಗೆ ಹಟ ಹಿಡಿದು ಕ್ಯಾಮೆರಾ ಎರವಲು ತಂದು ಸೊರಬಕ್ಕೇ ಹೋದೆ. ಅಂಗಡಿಗೆ ಬೆನ್ನು ಮಾಡಿ ನಿಂತು ಎದುರಿನ ಬೀದಿಯ ಫೋಟೋ ತೆಗೆದೆ. ಅಲ್ಲೊಂದು ಕಲ್ಲುಕಟ್ಟೆ. ಅದರ ಮೇಲೆ ವಯಸ್ಸಾದವರೊಬ್ಬರು ಎಡ ಹೆಗಲಿಗೆ ಟವೆಲ್ ಹಾಕಿಕೊಂಡು ಅಂಗಡಿಯನ್ನೇ ನೋಡುತ್ತ ಕೂತಿದ್ದರು. ಯಾಕೆ ಫೋಟೋ ಎಂದೂ ಕೇಳಲಿಲ್ಲ, ಅಲುಗಾಡಲೂ ಇಲ್ಲ. ಇಂಥ ಮಾದರಿ ಮನುಷ್ಯ ಬೇರೆಲ್ಲಿ ಸಿಗಬೇಕು! ಶಿವಮೊಗ್ಗದಲ್ಲಿ ಫೋಟೋ ಸ್ಕ್ಯಾನ್ ಮಾಡಿಸಿ, ಎಡ ಬಲ ತಿರುಗಿಸಿ ಗಾಜಿಗೆ ಹಚ್ಚಿದೆ. ಮುಖ ಸ್ವಲ್ಪ ಮಂಕಾಗಿತ್ತು. ಅದನ್ನೂ ಬಿಡದೆ ತಿದ್ದಿ ತಿದ್ದಿ ಬೆಳಗಿಸಿದೆ.

ಅಷ್ಟರಲ್ಲಿ ಚಂದ್ರಣ್ಣನ ಅಣ್ಣ ತೀರಿಕೊಂಡ ಸುದ್ದಿ ಬಂತು. ಅಣ್ಣ ತಮ್ಮ ಕೊನೆಗೂ ಮಾತಾಡಲೇ ಇಲ್ಲವಂತೆ. ಅಯ್ಯೋ ಪಾಪ ಎಂದೆ. ಎಂದು ಮತ್ತೆ ಗಾಜಿನ ಮುಂದೆ ಕೂತೆ.

ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿಯುವವರೆಗೆ ಕಾದೆ. ಅಷ್ಟು ಮರ್ಯಾದೆ ನನಗೂ ಗೊತ್ತು.

"ಸಾವಾದ ಮನೆಗೆ ಈಗ್ಲೇ ಹೋಗ್ಬೇಕೇನ್ರೀ?" ಎಂದಳು ಗಿರಿಜಾ.

"ಚಿತ್ರ ನೋಡಿದ್ರೆ ಅವರ ಮನಸ್ಸು ಸ್ವಲ್ಪ ಹಗುರಾಗ್ತದೆ ಕಣೇ."

ಇದು ನಾನೇ ಆಡಿದ ಮಾತು!

ಸೊರಬದ ಮನೆಯ ಪಡಸಾಲೆಯಲ್ಲಿ ಚಂದ್ರಣ್ಣನ ತಾಯಿ ಗೌರವ್ವ ಚಾಪೆಯ ಮೇಲೆ ಕೂತಿದ್ದರು. ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದ ಚಿತ್ರವನ್ನು ಕೊಳವೆಯಿಂದ ತೆಗೆದು, ಸುರುಳಿ ಬಿಚ್ಚಿ ಅವರ ಮುಂದೆ ಹರಡಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಗಾಜು ಹೇಗಿದೆ ಅವ್ವಾ?" ಎಂದು ಕೇಳಿದೆ.

"ಚಂದ್ರಾ... ಅಣ್ಣ ಅಂಗಡಿ ಒಳಗೆ ಬಂದಾನಲ್ಲೋ."

ಚಂದ್ರಣ್ಣ ಬಗ್ಗಿ ನೋಡಿದವರು ಹಾಗೇ ನಿಂತುಬಿಟ್ಟರು. ಕಟ್ಟೆಯ ಮೇಲಿದ್ದವರು ಯಾರೆಂದು ನನಗೆ ಹೊಳೆದದ್ದೇ ಆಗ.

"ಟವೆಲ್ ಯಾಕೋ ಬಲಗಡೆ ಹಾಕ್ಯಾನೆ? ಯಾವತ್ತೂ ಎಡಗಡೆ ಹಾಕೋನು," ಎಂದರು ಗೌರವ್ವ.

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಅದು ಪ್ರತಿಬಿಂಬ ಅಲ್ವಾ ಅವ್ವಾ, ಎಡ ಬಲ ತಿರುಗಿ ಕಾಣ್ತದೆ. ನಾನೇ ತಿರುಗಿಸಿದ್ದು," ಎಂದು ಸಾವಿನ ಮನೆಯಲ್ಲಿ ವಿಜ್ಞಾನದ ಪಾಠ ಶುರುಮಾಡಿದೆ!

"ಸುಮ್ನಿರ್ರೀ ಮಾರಾಯ್ರೆ!" ಎಂದು ಕೂಗಿದ ಚಂದ್ರಣ್ಣ ಗೋಡೆಗೊರಗಿ ಕುಸಿದರು. "ದಿನಾ ಎದುರಿಗೇ ಬಂದು ಕೂರ್ತಿದ್ದ. ರಸ್ತೆ ದಾಟಿ ಹೋಗಿ, ಒಳಗೆ ಬಾರೋ ಅಣ್ಣ ಅಂತ ಒಂದು ಸಲ ಕರೀಲಿಲ್ಲ ನಾನು." ಅಷ್ಟು ದೊಡ್ಡ ಮನುಷ್ಯ ಮಕ್ಕಳ ಹಾಗೆ ಅತ್ತರು.

ಆ ಅಳುವಿನ ನಡುವೆಯೂ, ಗಾಜು ಮಾತ್ರ ಚೆನ್ನಾಗಿ ಬಂದಿದೆ ಎಂದು ಒಂದು ಕ್ಷಣ ಅನ್ನಿಸಿತು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗೌರವ್ವ ಸೆರಗಿನಿಂದ ಚಿತ್ರ ಒರೆಸಿದರು. "ಪೂಜೆಗಿಡಾಕೆ ಅಂತ ಹುಡುಕಿದ್ರೆ ಮನೆಯಾಗೆ ಅವನ್ದು ಒಂದು ಫೋಟೋನೂ ಸಿಗಲಿಲ್ಲ. ಇದು ಇಲ್ಲೇ ಇರ್ಲಿ. ಅಂಗಡಿ ಒಡೆಯೋದು ಬ್ಯಾಡ, ಚಂದ್ರಾ." ಚಂದ್ರಣ್ಣ ತಲೆಯಾಡಿಸಿದರು. ನಾನು ಖಾಲಿ ಕೊಳವೆ ಹಿಡಿದುಕೊಂಡು ಬಸ್ಸು ಹತ್ತಿದೆ.

ಕೆಲವು ತಿಂಗಳ ಮೇಲೆ ಸೊರಬಕ್ಕೆ ಹೋದಾಗ ಧೈರ್ಯ ಮಾಡಿ ಆ ಅಂಗಡಿಯೊಳಗೆ ಇಣುಕಿದೆ. ಅದೇ ಹೆಂಚು, ಅದೇ ಮರದ ಬಾಗಿಲು. ಗಲ್ಲಾದ ಮೇಲೆ ನನ್ನ ಚಿತ್ರಕ್ಕೆ ಚೌಕಟ್ಟು ಹಾಕಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ತೂಗುಹಾಕಿದ್ದರು. ನನ್ನ ಕಟ್ಟಡವೆಲ್ಲ ಹಾರದ ಹಿಂದೆ ಮುಚ್ಚಿಹೋಗಿತ್ತು, ರುದ್ರಣ್ಣನ ಮುಖವೊಂದು ಕಾಣುತ್ತಿತ್ತು. ಚಂದ್ರಣ್ಣ ಒಂದು ಸ್ಟೂಲು ಸರಿಸಿ ಕೊಟ್ಟರು.

ಕೂರುವ ಮೊದಲು, ನನ್ನ ಗಾಜು ಹೇಗೆ ಕಾಣುತ್ತದೋ ಎಂದು ಹತ್ತಿರ ಹೋಗಿ ಕತ್ತು ಚಾಚಿದೆ. ಅದು ಕಾಣಲೇ ಇಲ್ಲ. ಚೌಕಟ್ಟಿನವನು ಅದರ ಮೇಲೆ ನಿಜವಾದ ಗಾಜು ಹಾಕಿದ್ದ. ಆ ಹೊತ್ತಿಗೆ ಊರಲ್ಲಿ ಕರೆಂಟಿರಲಿಲ್ಲ. ಆದರೂ ನಾನು ದಿನವಿಡೀ ಕೂತು ಮಾಡುತ್ತಿದ್ದ ಕೆಲಸವನ್ನು ಆ ಗಾಜು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ತೋರಿಸಿತು: ರುದ್ರಣ್ಣನ ಪಕ್ಕದಲ್ಲಿ ನನ್ನದೇ ಪೆದ್ದು ಮುಖ, ಎಡ ಬಲ ತಿರುಗಿಸಿದ್ದೂ ಸೇರಿ ಸರಿಯಾಗಿ!