ಗಂಧರಾಜನಿಗೆ ಹುಳಿ ಬಡಿಸಿದ್ದು

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಭಾಲ್ಕಿ ಕಚೇರಿಯಲ್ಲಿ ಮೈಸೂರು ಕನ್ನಡ ಬಲ್ಲ ಮೊದಲ ಗುಮಾಸ್ತ ನಾನೇ ಆಗಬೇಕು! ಆ ಕಡೆಯಿಂದ ಬಂದ ಹೊಸ ಸಾಹೇಬರ ಮನೆಯಲ್ಲಿ ಒಮ್ಮೆ ಉಂಡು, ಬೇಳೆ-ತರಕಾರಿ ಬೇಯಿಸಿದ ಸಾರಿಗೆ ಅವರು 'ಹುಳಿ' ಎನ್ನುತ್ತಾರೆಂದು ಕಲಿತುಬಂದೆ. ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ!

ಸಾಹೇಬರು ತಮ್ಮ ತಾಯಿ ಬೆಳೆಸಿದ ಗಂಧರಾಜ ಹೂವಿನ ಗಿಡದ ಕಡ್ಡಿಯೊಂದನ್ನು ಊರಿಂದ ತಂದು ಕುಂಡದಲ್ಲಿ ನೆಟ್ಟಿದ್ದರು. ನಮ್ಮ ಕರಿ ಮಣ್ಣು ಅದಕ್ಕೆ ಒಗ್ಗದೆ ಎಲೆಗಳೆಲ್ಲ ಹಳದಿ. ರಜೆಯ ಮೇಲೆ ಹೊರಟವರು ಸ್ಟೇಷನ್ನಿನಲ್ಲಿ ಕುಂಡವನ್ನು ನನ್ನ ಕೈಗಿಟ್ಟು, ಹೊರಟ ರೈಲಿನ ಕಿಟಕಿಯಿಂದ ಕೂಗಿದರು:

"ಶಿವರಾಜಪ್ಪನೋರೇ, ಈ ಮಣ್ಣಲ್ಲಿ ಸುಣ್ಣ ಜಾಸ್ತಿ! ಗಿಡಕ್ಕೆ ಹುಳಿ…"

ಇಂಜಿನ್ 'ಕೂ' ಎಂದಿತು.

"…ಬೇಕು!"

ಮನೆಗೆ ಬಂದವನೇ ಹೆಂಡತಿಗೆ ಹುಕುಂ ಹೊರಡಿಸಿದೆ. "ಕಸ್ತೂರಿ, ದಿನಾ ಹುಳಿ ಮಾಡು. ಗಿಡಕ್ಕ ಬೇಕು."

"ಹುಣಸಿಹಣ್ಣಿನ ನೀರು ಇರಬೇಕ್ರಿ."

"ನಿನಗ ಮೈಸೂರು ಕನ್ನಡ ತಿಳಿಯಂಗಿಲ್ಲ! ಹುಳಿ ಅಂದ್ರ ಬ್ಯಾಳಿ, ಕುಂಬಳಕಾಯಿ!"

"ಗಿಡಕ್ಕ ಒಗ್ಗರಣಿನೂ ಹಾಕಬೇಕೇನ್ರಿ?"

"ಸಾಹೇಬರ ಗಿಡ! ಇಂಗೂ ಹಾಕು!"

ಗಂಧರಾಜನಿಗೆ ರಾಜೋಪಚಾರ ಶುರುವಾಯಿತು. ಇರುವೆಗಳ ಮೆರವಣಿಗೆ ಬಂತು. ಪಕ್ಕದ ಮನೆಯ ಮುನವ್ವರ ಬೇಗಂ ಗೋಡೆಯ ಮೇಲಿಂದ ಇಣುಕಿದರು. "ಭಾಭಿ, ದಾವತ್ ಅದ ಏನ್ರಿ? ಭಾರಿ ವಾಸನಿ ಬರ್ಲತ್ತದ!"

"ದಾವತ್ ಗಿಡಕ್ಕ ಅದ್ರಿ!" ಎಂದಳು ನನ್ನವಳು.

ಬೇಗಮ್ಮರ ಕೋಳಿಗಳಿಗೂ ಆಮಂತ್ರಣ ಮುಟ್ಟಿತು. ಅವು ಕುಂಬಳಕಾಯಿ ಹೋಳಿಗಾಗಿ ಕುಂಡವನ್ನೇ ಕೆದರಿದವು. ಇದ್ದಬದ್ದ ಎಲೆಗಳೂ ಉದುರಿದವು. ರುಚಿ ಸಾಲದೇನೋ ಎಂದು ನಾನು ಚಿಟಿಕೆ ಉಪ್ಪು ಬೆರೆಸಿದೆ!

ಸಾಹೇಬರು ಮರಳಿ ಬಂದಾಗ ಗಂಧರಾಜ ಬರೀ ಕೋಲು. ಸ್ಟೇಷನ್ನಿನಿಂದ ನೇರ ನಮ್ಮ ಮನೆಗೇ ಬಂದರು! ಹಿತ್ತಲಿಗೆ ಬಿಡದೆ ಊಟಕ್ಕೆ ಕೂರಿಸಿದೆ. ಅವರು ಒಂದು ತುತ್ತು ಉಂಡು ಕಣ್ಣರಳಿಸಿದರು.

"ಆಹಾ! ಮೈಸೂರಲ್ಲೂ ಇಂಥ ಹುಳಿ ತಿಂದಿಲ್ಲ. ಇನ್ನೊಂದು ಸೌಟು ಹಾಕಿಯಮ್ಮ!"

ಕಸ್ತೂರಿ ಸೌಟು ಎತ್ತಿದವಳು ಹಾಗೇ ನಿಂತಳು. "ಹಾಕ್ತೇನ್ರಿ ಸಾಹೇಬ್ರ. ಮೊದಲ ಹಿತ್ತಲಾಗಿನ ಗಿಡ ನೋಡಿ ಬರ್ರಿ. ಅದೂ ಇದೇ ಊಟ ಉಂಡದ!"

ಕೋಲನ್ನು ಕಂಡ ಸಾಹೇಬರ ಮುಖ ಸಪ್ಪಗಾಯಿತು. ನಾನು ತೊದಲುತ್ತಾ ನಡೆದದ್ದೆಲ್ಲ ಹೇಳಿದೆ. "ಅಯ್ಯೋ, ನಾನಂದದ್ದು ಹುಳಿ ಮಣ್ಣು ಕಣ್ರೀ!" ಎಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊದಲು ಕಡ್ಡಿಯ ಬೇರು ತೊಳೆದು ತಂಪಿನಲ್ಲಿಟ್ಟೆವು. ಮರುದಿನವೇ ನಾನು ಬೀದರಕ್ಕೆ ಹೋಗಿ, ಅಲ್ಲಿನ ಸುಣ್ಣ ಕಡಿಮೆಯಿರುವ ಕೆಂಪು ಮಣ್ಣಿನ ಚೀಲವನ್ನು ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದಕ್ಕೆ ಎಲೆಗೊಬ್ಬರ ಕಲಸಿ, ಮಣ್ಣಿಗೆ ಹುಳಿ ಕೊಡುವ ಅಮೋನಿಯಂ ಸಲ್ಫೇಟ್ ಗೊಬ್ಬರ ಚಿಟಿಕೆ ಹಾಕಿ ಕಡ್ಡಿಯನ್ನು ನೆಟ್ಟೆವು. ಮುಂದೆ ಬೆಳಿಗ್ಗೆ ಎದ್ದರೆ ಮೊದಲು ಕುಂಡದ ದರ್ಶನ! ಕೊನೆಗೊಂದು ದಿನ ಹಸಿರು ಚಿಗುರು ಇಣುಕಿತು.

ನಾನು ಮೀಸೆ ತಿರುವಿದೆ. "ನೋಡಿದ್ಯಾ, ನಾ ತಂದ ಮಣ್ಣಿನ ಕಮಾಲ್!"

"ಮಣ್ಣಿಂದೂ ಇರಬಹುದ್ರಿ," ಎಂದಳು ಕಸ್ತೂರಿ. "ಆದ್ರ ನಿಮ್ಮ ಹುಳಿ ನಿಂತದ್ದಕ್ಕ ಗಿಡ ಉಳೀತು!"