ಸುಣ್ಣದ ಚುಕ್ಕೆ ದಾಟದ ಮುಳ್ಳು

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. "ನನಗೆ ಗೊತ್ತಿಲ್ಲ" ಎಂಬ ಮಾತು ಬಾಯಿಗೆ ಬರುವುದೇ ನಿಂತುಹೋಗುತ್ತದೆ. ನನಗೂ ಅದು ಚೆನ್ನಾಗಿಯೇ ಅಂಟಿತ್ತು. ಅದರಿಂದ ಮಕ್ಕಳಿಗೆ ಎಷ್ಟು ಕೆಡುಕಾಯಿತೋ ದೇವರೇ ಬಲ್ಲ. ಒಂದು ಕಾರಿಗೆ ಆಗಲಿದ್ದ ಕೆಡುಕನ್ನಂತೂ ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ.

ಕಾರು ನನ್ನದಲ್ಲ. ನನ್ನದು ಸೈಕಲ್ಲು, ಅದರ ಚೈನು ಬಿದ್ದರೂ ಹಾಕಲು ಬೇರೆಯವರೇ ಬರಬೇಕು. ಕಾರು ನನ್ನ ಷಡ್ಡಕ ರುದ್ರಪ್ಪಣ್ಣನದು. ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ಆತ, ಸಂಸ್ಥಾನಗಳು ಹೋದ ಮೇಲೆ ಯಾವುದೋ ಅರಮನೆಯವರು ಮಾರಿದ ಹಳೆಯ ಕಾರೊಂದನ್ನು ಕೊಂಡು ತಂದಿದ್ದ. ಅದರ ಮೂತಿಯೇ ನಮ್ಮ ಪಡಸಾಲೆಯಷ್ಟು ಉದ್ದ. ಆ ಮೂತಿಯೊಳಗೆ ಸೂಪರ್‌ಚಾರ್ಜರ್ ಎಂಬ ಯಂತ್ರವಿತ್ತು. ಸಾಮಾನ್ಯ ಕಾರಿನ ಇಂಜಿನ್ನು ತನಗೆ ಬೇಕಾದಷ್ಟು ಗಾಳಿಯನ್ನು ತಾನೇ ಎಳೆದುಕೊಂಡು ಸುಮ್ಮನಿರುತ್ತದೆ. ಇದಕ್ಕೆ ಹಾಗಲ್ಲ. ಹಬ್ಬದೂಟದಲ್ಲಿ ಬೇಡ ಬೇಡವೆಂದರೂ ಎಲೆಗೆ ಹೋಳಿಗೆ ಹಾಕುವ ಅತ್ತೆಯಂತೆ, ಆ ಯಂತ್ರ ಇಂಜಿನ್ನಿನ ಬಾಯಿಗೆ ಗಾಳಿಯನ್ನು ತುರುಕುತ್ತಿತ್ತು. ಎಷ್ಟು ತುರುಕುತ್ತಿದೆ ಎಂದು ತೋರಿಸಲು ಮುಂದೆ ಗಾಜಿನೊಳಗೆ ಒಂದು ಮುಳ್ಳು. ರುದ್ರಪ್ಪಣ್ಣ ಪಾದ ಒತ್ತಿದರೆ ಮೂತಿಯೊಳಗಿಂದ ಸುಂಯ್ ಎಂಬ ಸದ್ದೆದ್ದು, ಮುಳ್ಳು ಮೇಲೇರಿ, ರಸ್ತೆಯ ಬೇವಿನ ಮರಗಳೆಲ್ಲ ಹಿಂದಕ್ಕೆ ಓಡುತ್ತಿದ್ದವು. ಮೊದಲ ಸಲ ಕೂತು ಬಂದ ದಿನ, ಇಂಥದ್ದನ್ನು ಮನುಷ್ಯರೇ ಮಾಡಿದರೇ ಎಂದು ಮನೆಗೆ ಬಂದ ಮೇಲೂ ಬೆರಗು ಹೋಗಿರಲಿಲ್ಲ.

ಆ ಕಾರಿನ ವೈದ್ಯರು ಇಮಾಮ್ ಸಾಬರು. ಮರದ ಕೋಲಿನ ಒಂದು ತುದಿಯನ್ನು ಇಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟುಕೊಂಡು, ಕಣ್ಣುಮುಚ್ಚಿ ನಿಲ್ಲುತ್ತಿದ್ದರು. ಒಳಗಿನ ಸದ್ದು ಕೇಳಿಯೇ ಕಾಯಿಲೆ ಯಾವುದೆಂದು ಹೇಳುತ್ತಿದ್ದರು.

"ಇದು ಹುಟ್ಟಿದ ಊರಿನ ಪೆಟ್ರೋಲೇ ಬ್ಯಾರೆ, ನಮ್ ಪೆಟ್ರೋಲೇ ಬ್ಯಾರೆ ಮೇಷ್ಟ್ರೇ" ಎಂದರು ಒಂದು ದಿನ. "ಗಾಳಿ ಜಾಸ್ತಿ ಒತ್ತಿದ್ರೆ ನಮ್ ಪೆಟ್ರೋಲು ತಡಿಯಂಗಿಲ್ಲ. ಕಿಡಿ ಹೇಳಿದಂಗೆ ಉರಿಯೋದು ಬಿಟ್ಟು ತಾನೇ ಸಿಡಿತೈತೆ. ಸಿಡಿದು ಸಿಡಿದು ಪಿಸ್ಟನ್‌ಗೆ ತೂತು ಬಿದ್ರೆ ಮುಗೀತು. ಇದ್ರ ಪಿಸ್ಟನ್ನು ಇಡೀ ಹಿಂದೂಸ್ಥಾನದಾಗೆ ಸಿಗಂಗಿಲ್ಲ. ಆಮೇಲೆ ಇದ್ರಾಗೆ ಕೋಳಿ ಸಾಕ್ರಿ."

ಅವರು ಕಿಡಿ ಸ್ವಲ್ಪ ತಡವಾಗಿ ಹಾರುವಂತೆ ಸರಿಮಾಡಿದರು. ಆಮೇಲೆ ಎಲೆಯಡಿಕೆಯ ಡಬ್ಬಿಯಿಂದ ಬೆರಳ ತುದಿಗೆ ಸುಣ್ಣ ತೆಗೆದು, ಗಾಜಿನ ಮೇಲೆ ಐದನೇ ಅಂಕಿಗೆ ಸರಿಯಾಗಿ ಒಂದು ಚುಕ್ಕೆ ಇಟ್ಟರು. "ಮುಳ್ಳು ಇಲ್ಲಿಗೆ ಬಂದ್ರೆ ಪಾದ ಎತ್ತಬೇಕು." ಓಡಿಸುವವನ ಕಣ್ಣು ರಸ್ತೆಯ ಮೇಲಿರಬೇಕಲ್ಲ, ಮುಳ್ಳು ಕಾಯುವ ಕೆಲಸ ವಿಜ್ಞಾನದ ಮೇಷ್ಟರ ಪಾಲಿಗೆ ಬಂತು. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಅಂಥ ಗೌರವ ಸಿಕ್ಕಿರಲಿಲ್ಲ.

ಆಯುಧಪೂಜೆ ಬಂತು. ನಮ್ಮ ಮನೆಗಳಲ್ಲಿ ತಕ್ಕಡಿಯಿಂದ ಹಿಡಿದು ಈಳಿಗೆಮಣೆಯವರೆಗೆ ಯಾವುದೂ ವಿಭೂತಿಯಿಲ್ಲದೆ ಉಳಿಯುವುದಿಲ್ಲ. ರುದ್ರಪ್ಪಣ್ಣನ ಹೆಂಡತಿ ಕಾರನ್ನು ಒಳಗೂ ಹೊರಗೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಸ್ಟಿಯರಿಂಗಿಗೆ ಮೂರು ಗೆರೆ, ಮುಳ್ಳಿನ ಗಾಜಿಗೆ ಮೂರು ಗೆರೆ ವಿಭೂತಿ ಬಳಿದಿದ್ದರು. ಮರುದಿನ ಬೆಳಿಗ್ಗೆ ನಾನು ಗೆರೆ ಒರೆಸಿ ನೋಡಿದರೆ ಸುಣ್ಣದ ಚುಕ್ಕೆ ಮಾಯ! ಅದು ಇದ್ದದ್ದು ಐದಕ್ಕೋ ಏಳಕ್ಕೋ? ಇಮಾಮ್ ಸಾಬರ ಶೆಡ್ಡು ಹತ್ತು ನಿಮಿಷದ ದಾರಿ. ಆದರೆ ಮೇಷ್ಟರು ಹೋಗಿ ಅನುಮಾನ ಕೇಳುವುದುಂಟೇ? ರುದ್ರಪ್ಪಣ್ಣನ ಅವ್ವ ಎಲೆ ಹಾಕಿಕೊಳ್ಳುತ್ತ ಕೂತಿದ್ದರು. ಅವರ ಡಬ್ಬಿಯಿಂದ ಸುಣ್ಣ ತೆಗೆದುಕೊಂಡು ಧೈರ್ಯವಾಗಿ ಏಳಕ್ಕೆ ಚುಕ್ಕೆ ಇಟ್ಟೆ.

ಅಂದು ಅವ್ವನಿಗೆ ಹರಿಹರದ ಹೊಳೆ ತೋರಿಸುವ ಏರ್ಪಾಡು. ಮೊಣಕಾಲು ನೋವಿನಿಂದ ಅವ್ವ ಹೊಸಿಲು ದಾಟಿ ಮೂರು ವರ್ಷವಾಗಿತ್ತು. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿಸಿ ಕೂರಿಸಿದೆವು. ಊರು ದಾಟಿದ್ದೇ ಕಾರು ಹಾರಿತು. ಮುಳ್ಳು ಐದು ದಾಟಿತು, ಆರು ದಾಟಿತು. ಅಷ್ಟರಲ್ಲಿ ಎಲ್ಲಿಂದಲೋ ಚಟಚಟ ಸದ್ದು.

"ಏನ್ರಿ ಮೇಷ್ಟ್ರೇ, ಮುಳ್ಳು ಹೆಂಗೈತೆ?" ಎಂದ ರುದ್ರಪ್ಪಣ್ಣ.

"ಚುಕ್ಕೆಗೆ ಇನ್ನೂ ದೂರ ಐತೆ, ಒತ್ರಿ" ಎಂದೆ ನಾನು.

ಹಿಂದಿನಿಂದ ಅವ್ವನ ದನಿ ಬಂತು. "ಅಲ್ಲೋ ರುದ್ರ, ಈ ಹೊಲದಾಗೆ ಯಾರೋ ಮಂಡಕ್ಕಿ ಭಟ್ಟಿ ಹಾಕ್ಯಾರೆ? ಉಸುಕು ಭಾಳ ಕಾದೈತೆ ನೋಡು, ಅಕ್ಕಿ ಹೊತ್ತಿಗೆ ಮುಂಚೆನೇ ಸಿಡಿತೈತೆ."

ಭಟ್ಟಿ ಎಲ್ಲಿಯದು? ಸುತ್ತ ಬರೀ ಜೋಳದ ಹೊಲ. ರುದ್ರಪ್ಪಣ್ಣ ಗಾಬರಿಯಿಂದ ಪಾದ ಎತ್ತಿದ. ಸದ್ದು ನಿಂತಿತು. ಸಿಡಿಯುತ್ತಿದ್ದದ್ದು ಅಕ್ಕಿಯಲ್ಲ, ನಮ್ಮ ಪೆಟ್ರೋಲು. ಎತ್ತಿನ ಗಾಡಿಯ ವೇಗದಲ್ಲಿ ಹರಿಹರ ಸೇರಿದೆವು. ಸೇತುವೆಯ ಮೇಲೆ ಅವ್ವ ತುಂಬಿದ ತುಂಗಭದ್ರೆಗೆ ಕೈಮುಗಿದರು. ನಾನು ಇಂಜಿನ್ನಿಗೆ ಕೈಮುಗಿದೆ.

ಊರಿಗೆ ಬಂದ ಮೇಲೆ ಇಮಾಮ್ ಸಾಬರು ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದರು. ಅದರ ಬಿಳಿಯ ಪಿಂಗಾಣಿಯ ಮೇಲೆ ಬೆಳ್ಳಿಯ ಪುಡಿಯಂಥ ಕಣಗಳು. "ಪಿಸ್ಟನ್ನು ಕರಗಾಕೆ ಸುರುವಾಗಿತ್ತು. ಇನ್ನೊಂದು ಮೈಲಿ ಹಿಂಗೇ ಒತ್ತಿದ್ರೆ ಕೋಳಿಗೂಡೇ" ಎಂದವರು ಒಳಗೆ ಬಗ್ಗಿ ಗಾಜು ನೋಡಿದರು. "ಈ ಚುಕ್ಕೆ ನಂದಲ್ಲ. ಯಾರಿಟ್ರು?"

ನಾನು ತಲೆ ತಗ್ಗಿಸಿದೆ. ರುದ್ರಪ್ಪಣ್ಣ ಅವ್ವನ ಮಂಡಕ್ಕಿ ಭಟ್ಟಿಯ ಮಾತನ್ನು ಸಾಬರಿಗೆ ಹೇಳಿದ. ಸಾಬರು ಹಿಂದಿನ ಸೀಟಿನಲ್ಲಿದ್ದ ಅವ್ವನ ಕಡೆ ತಿರುಗಿ, "ಅವ್ವಾರೇ, ನಲವತ್ತು ವರ್ಷ ಕೋಲು ಹಿಡಿದೀನಿ. ದಿಂಬಿಗೆ ಒರಗಿಕೊಂಡೇ ಇಂಜಿನ್ನಿನ ಕಾಯಿಲೆ ಕಂಡುಹಿಡಿದೋರು ನೀವೊಬ್ರೇ" ಎಂದು ಸಲಾಮು ಮಾಡಿದರು. ನನಗೂ ಕಾಲಿಗೆ ಬೀಳಬೇಕೆನ್ನಿಸಿತು. ಒತ್ತಡದ ನಿಯಮವನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದ ನನ್ನ ಕಿವಿಗೆ ಕೇಳಿಸದ್ದು, ಮಂಡಕ್ಕಿ ಭಟ್ಟಿಯ ಮುಂದೆ ಪ್ರಾಯ ಕಳೆದ ಆ ಜೀವಕ್ಕೆ ಕೇಳಿಸಿತ್ತು.

ಈಗ ಮುಂದಿನ ಸೀಟು ಅವ್ವನದು. ಹದಿನೈದು ದಿನಕ್ಕೊಮ್ಮೆ ಹರಿಹರಕ್ಕೆ ಹೋಗುತ್ತೇವೆ. ನಾನು ಹಿಂದೆ ದಿಂಬಿನ ಜೊತೆ ಕೂರುತ್ತೇನೆ. ಅವ್ವ ತಮ್ಮ ಚೀಲ, ಎಲೆ, ಅಡಿಕೆ, ಅಡಕತ್ತರಿ ಎಲ್ಲವನ್ನೂ ನಂಬಿ ನನ್ನ ಕೈಗೆ ಕೊಡುತ್ತಾರೆ. ಸುಣ್ಣದ ಡಬ್ಬಿಯನ್ನು ಮಾತ್ರ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ.