ಹಸೆಯ ಮೇಲೆ ಕಾರ್ಯದರ್ಶಿ

ಅರ್ಜಿ ಬರೆಯುವುದರಲ್ಲಿ ನಮ್ಮ ಮಾದಿಹಳ್ಳಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಬಹಳ ಕಾಲ ಇತ್ತು. ಹಳ್ಳಿ ಮೇಷ್ಟ್ರಿಗೆ ಬೇರೆ ಜಂಬಕ್ಕೆ ಅವಕಾಶವಾದರೂ ಎಲ್ಲಿ? ಬೀದಿ ದೀಪಕ್ಕೆ, ಬೋರ್‌ವೆಲ್ಲಿಗೆ, ಹಳೇಬೀಡಿನ ಬಸ್ಸು ನಮ್ಮೂರಲ್ಲಿ ನಿಲ್ಲಬೇಕೆಂಬುದಕ್ಕೆ, ಎಲ್ಲಕ್ಕೂ ಬರೆದವನು ನಾನೇ. ಬಸ್ಸು ಈಗಲೂ ಡ್ರೈವರನ ಮನಸ್ಸಿದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಆದರೆ ಅರ್ಜಿ ಮಾತ್ರ ಚೆನ್ನಾಗಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ, ಹಳ್ಳಿಯ ಹಾಡುಗಾರಿಕೆ ತಂಡಗಳಿಗೆ ಸರ್ಕಾರ ಧನಸಹಾಯ ಕೊಡುತ್ತದೆಂದು ಪೇಪರಿನಲ್ಲಿ ಓದಿದೆ. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವ ಏಳೆಂಟು ಹೆಂಗಸರು ಊರಲ್ಲಿದ್ದರು. ಅವರನ್ನು ಕಾಗದದ ಮೇಲೆ ತಂಡ ಮಾಡಿ, ನನ್ನನ್ನು ಕಾರ್ಯದರ್ಶಿ ಮಾಡಿಕೊಂಡೆ. 'ಗ್ರಾಮದ ಸಾಮೂಹಿಕ ನೆಮ್ಮದಿಯ ಸಂವರ್ಧನೆ' ಎಂದು ಉದ್ದೇಶ ಬರೆದು, ಮೂರು ಸಲ ಗಟ್ಟಿಯಾಗಿ ಓದಿಕೊಂಡೆ.

ಒಳಗಿನಿಂದ ನನ್ನ ಹೆಂಡತಿ ಜಯಮ್ಮ, "ಅದೆಲ್ಲ ಇರ್ಲಿ, ಕೆಂಪಕ್ಕನ ಹೆಸ್ರು ಮೊದ್ಲು ಬರೀರಿ" ಎಂದಳು.

ಕೆಂಪಮ್ಮ ನಮ್ಮ ಹಿಂದಿನ ಬೀದಿಯವರು. ಸುತ್ತಲಿನ ಊರುಗಳಲ್ಲಿ ಅವರಷ್ಟು ಪದ ಬಲ್ಲವರಿರಲಿಲ್ಲ. ಗಂಡ ತೀರಿಕೊಂಡ ಮೇಲೆ, ಆರು ವರ್ಷದಿಂದ, ಯಾರೂ ಅವರನ್ನು ಹಸೆಯ ಮುಂದೆ ಹಾಡಲು ಕರೆದಿರಲಿಲ್ಲ. ಮದುವೆ ಮನೆಯ ಹಿತ್ತಿಲಲ್ಲಿ ತರಕಾರಿ ಹೆಚ್ಚುತ್ತಾ, ಒಳಗೆ ಯಾರಾದರೂ ಸಾಲು ತಪ್ಪಿದರೆ ಮೆಲ್ಲಗೆ ತಾವೇ ಸರಿಮಾಡಿ ಹೇಳಿಕೊಳ್ಳುತ್ತಿದ್ದರು. ನನಗೆ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು. ಸಹಾಯ ಸಿಕ್ಕಿದರೆ ಅರಸೀಕೆರೆ, ಬೇಲೂರುಗಳ ವೇದಿಕೆ ಸಿಗುತ್ತದೆ, ಅಲ್ಲಿ ಹಣೆಯ ಕುಂಕುಮ ಯಾರೂ ನೋಡುವುದಿಲ್ಲ ಎಂಬುದು ಜಯಮ್ಮನ ಲೆಕ್ಕಾಚಾರ. ಕೆಂಪಮ್ಮನ ಹೆಸರು ಮೊದಲು ಬರೆದೆ.

ಒಂದು ಮಧ್ಯಾಹ್ನ ಇಲಾಖೆಯ ಅಧಿಕಾರಿ ಬಂದೇಬಿಟ್ಟರು. ಹಾಡು ಕೇಳಿಯೇ ಶಿಫಾರಸು ಮಾಡುವುದಂತೆ. ನಮ್ಮ ಜಗಲಿಯಲ್ಲಿ ಜಮಖಾನ ಹಾಸಿದೆವು, ಹೆಂಗಸರು ಬಂದು ಕೂತರು. ಕೂತವರು ಕೂತೇ ಇದ್ದರು.

"ಶುರು ಮಾಡಿ" ಎಂದರು ಅಧಿಕಾರಿ.

"ಹಸೆ ಮೇಲೆ ಯಾರೂ ಇಲ್ದೆ ಯಾರಿಗ್ ಹೇಳದು ಸಾಮಿ?" ಎಂದಳು ಒಬ್ಬಳು. ಉಳಿದವರೆಲ್ಲ ತಲೆಯಾಡಿಸಿದರು. ಖಾಲಿ ಜಾಗಕ್ಕೆ ಸೋಬಾನೆ ಹೇಳಬಾರದಂತೆ. ಇಷ್ಟು ವರ್ಷ ಅವರ ನಡುವೆ ಬಾಳಿದ ನನಗೆ ಇದು ಗೊತ್ತಿರಲಿಲ್ಲ.

ಅಧಿಕಾರಿ ಬಾಣಾವರಕ್ಕೂ ಹೋಗಬೇಕಿತ್ತು, ಗಡಿಯಾರ ನೋಡಿಕೊಂಡರು. ನಾನು ಹಿಂದುಮುಂದು ನೋಡದೆ ಒಂದು ಮಣೆ ಎಳೆದುಕೊಂಡು ಮದುಮಗನ ಜಾಗದಲ್ಲಿ ಕೂತೆ. ಜಯಮ್ಮ ಮಣೆಯ ಸುತ್ತ ರಂಗೋಲಿ ಎಳೆದಳು. ಅಷ್ಟಕ್ಕೆ ಕೆಂಪಮ್ಮ ಎದ್ದು ಬಾಗಿಲ ಬಳಿ ಹೋಗಿ ನಿಂತರು.

"ಹಸೆ ಆಗೋಯ್ತಲ್ಲ ಕಣವ್ವ, ನಾನಿನ್ನು ಬರಂಗಿಲ್ಲ."

ಯಾರಿಗಾಗಿ ಅರ್ಜಿ ಬರೆದಿದ್ದೆನೋ ಅವರನ್ನೇ ನಾನು ಹಿತ್ತಿಲಿಗೆ ಅಟ್ಟಿದ್ದೆ. ನನಗೆ ನನ್ನ ಮೇಲೇ ಸಿಟ್ಟು ಬಂತು.

"ಕೆಂಪಮ್ಮ, ನನಗೆ ಮದುವೆಯಾಗಿ ಇಪ್ಪತ್ತೇಳು ವರ್ಷವಾಯ್ತು. ಆಗಬೇಕಾದ ಅನಾಹುತವೆಲ್ಲ ಆಗಿಹೋಗಿದೆ. ಇನ್ನು ನಿಮ್ಮಿಂದ ಏನಾದೀತು, ಬನ್ನಿ" ಎಂದೆ.

ಜಯಮ್ಮ ಕಣ್ಣು ಕೆಕ್ಕರಿಸಿದಳು. ಕೆಂಪಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು ಬಂದು ಕೂತರು.

ಮೊದಲು ದೇವರ ಪದ ಹೇಳಿದರು. ಆರು ವರ್ಷ ಸುಮ್ಮನಿದ್ದ ಗಂಟಲು ಎರಡು ಸಾಲು ನಡುಗಿ, ಆಮೇಲೆ ಬಿಟ್ಟುಕೊಂಡಿತು. ಅಧಿಕಾರಿ ಪೆನ್ನು ಕೆಳಗಿಟ್ಟರು. ನನಗೂ ಕಣ್ಣು ಒದ್ದೆಯಾಯಿತು. ಆದರೆ ದೇವರಾದ ಮೇಲೆ ಗಂಡನ್ನು ಹಂಗಿಸುವ ಪದ ಬರುತ್ತದೆಂಬುದನ್ನು ನಾನು ಮರೆತಿದ್ದೆ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಊರೆಲ್ಲ ಹುಡುಕಿಸಿದ್ದು, ಮಾಲೇಕಲ್ಲು ಬೆಟ್ಟವನ್ನು ಅರ್ಧ ಹತ್ತಿ ಕೂತು ಪ್ರಸಾದವನ್ನು ಅಲ್ಲಿಗೇ ತರಿಸಿಕೊಂಡದ್ದು, ಕುಡಿದ ಲೋಟವನ್ನು ಇಟ್ಟಲ್ಲೇ ಬಿಡುವುದು, ಎಲ್ಲವೂ ಪದವಾಗಿ ಬಂತು. ಕೆಂಪಮ್ಮನ ಪಕ್ಕದಲ್ಲಿ ಕೂತ ಜಯಮ್ಮ ಅವರ ಕಿವಿಯಲ್ಲಿ ಒಂದೊಂದೇ ಸಂಗತಿ ಒದಗಿಸುತ್ತಿದ್ದಳು. ಅಧಿಕಾರಿ ನಕ್ಕು ನಕ್ಕು ಕರವಸ್ತ್ರ ತೆಗೆದರು.

ಎರಡು ತಿಂಗಳಿಗೆ ಮಂಜೂರಾತಿ ಬಂತು, ಜೊತೆಗೆ ಅಧಿಕಾರಿಯ ವರದಿಯ ನಕಲು. ಜಗಲಿಯಲ್ಲಿ ಎಲ್ಲರನ್ನೂ ಸೇರಿಸಿ ನಿಂತುಕೊಂಡು ಓದಿದೆ: "ಪ್ರಧಾನ ಗಾಯಕಿ, ಶ್ರೀಮತಿ ಕೆಂಪಮ್ಮ."

"ಇನ್ನೊಂದ್ಸಲ ಓದಿ ಮೇಷ್ಟ್ರೇ" ಎಂದರು ಕೆಂಪಮ್ಮ. ಓದಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

ನಾನು ಮುಂದುವರಿಸಿದೆ: "ಈ ತಂಡವು ಗ್ರಾಮದ ಬಹುಕಾಲದ ಸಮಸ್ಯೆಯೊಂದನ್ನು ಹಾಡಿನ ಮೂಲಕ ಸಮರ್ಥವಾಗಿ ಜನರ ಮುಂದಿಡುತ್ತಿದೆ."

"ಯಾವ್ ಸಮಸ್ಯೆ ಜಯಮ್ಮ?" ಎಂದರು ಕೆಂಪಮ್ಮ.

ಜಯಮ್ಮ ಸುಲಿಯುತ್ತಿದ್ದ ಅವರೆಕಾಯಿಯಿಂದ ತಲೆಯೆತ್ತಲಿಲ್ಲ. "ಅದೇ ಕಣಕ್ಕ, ಕಾಗ್ದ ಹಿಡ್ಕಂಡು ನಿಂತೈತಲ್ಲ."